ಸಿಪಾಯಿಯ ಬೆನ್ನೂ ಶಾಸನದ ಮಾತೂ

ದಂಡಿನವನ ಕಷ್ಟವೆಂದರೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ಗುಂಡಿನ ಗಾಯ. ದಂಡಿನ ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿದರೆ ಅವರು ಹೇಳುವ ಮಾತೇ ಬೇರೆ. ಅವರ ಬಾಗಿಲಿಗೆ ದಿನವೂ ಬರುವವರಲ್ಲಿ ಗುಂಡೇಟು ತಿಂದವರಿಗಿಂತ ಸೊಂಟ ಹಿಡಿದವರು, ಮಂಡಿ ಉಳುಕಿದವರು, ಬೆನ್ನು ಬಗ್ಗಿಸಲಾರದವರು ಬಹಳ ಹೆಚ್ಚು. ಮೂವತ್ತು ಕಿಲೋಗ್ರಾಮಿಗೂ ಮೀರಿದ ಹೊರೆಯನ್ನು ಬೆನ್ನಿಗೇರಿಸಿಕೊಂಡು ಹರದಾರಿಗಟ್ಟಲೆ ನಡೆಯುವುದು, ಗಟ್ಟಿನೆಲದ ಮೇಲೆ ಧುಮುಕುವುದು, ಕುಲುಕುವ ವಾಹನದಲ್ಲಿ ಗಂಟೆಗಟ್ಟಲೆ ಕೂರುವುದು, ಇವೆಲ್ಲ ಸಿಪಾಯಿಯ ನಿತ್ಯಕರ್ಮ. ಗೃಹಸ್ಥನಾದವನು ಸೊಂಟ ಹಿಡಿದರೆ ಎರಡು ದಿನ ಮಲಗಬಹುದು. ಸಿಪಾಯಿ ಮಲಗಿದರೆ ಪಂಕ್ತಿಯಲ್ಲಿ ಒಂದು ಸ್ಥಾನ ಬರಿದಾಗುತ್ತದೆ. ಅವನ ಹೊರೆ ಇನ್ನೊಬ್ಬನ ಹೆಗಲಿಗೆ ಬೀಳುತ್ತದೆ.

ಈ ಬೆನ್ನಿನ ವಿಷಯವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಶಾಸನಸಭೆಯು ೧೯೯೨ನೆಯ ಇಸವಿಯಲ್ಲಿ ಒಂದು ಏರ್ಪಾಡನ್ನು ಮಾಡಿತು. ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟರ್ ಎಂಬ ವೃತ್ತಿಯವರಿಗೆ ಸೈನ್ಯದಲ್ಲಿ ಸನ್ನದು ಪಡೆದ ಅಧಿಕಾರಿಗಳಾಗಲು ಅವಕಾಶವುಂಟೆಂಬುದು ಅದರ ತಾತ್ಪರ್ಯ. ಅದು ಆಗಿ ಮೂವತ್ತು ವರ್ಷಗಳು ದಾಟಿದುವು. ಆದರೂ ತಮ್ಮ ವೃತ್ತಿಯನ್ನೇ ನಡೆಸುವುದಕ್ಕಾಗಿ ಸನ್ನದು ಪಡೆದ ಕೈರೋಪ್ರಾಕ್ಟರರ ವರ್ಗವೊಂದು ಆ ಸೈನ್ಯದಲ್ಲಿ ಹುಟ್ಟಲಿಲ್ಲ. ಕಾಯಿದೆಯನ್ನು ಯಾರೋ ಮುರಿದರೆಂದು ದೂರುವಂತೆಯೂ ಇಲ್ಲ. ಹಾಗಾದರೆ ಅದು ಫಲಿಸದೆ ಹೋದುದೇಕೆ? ಇದನ್ನು ವಿಚಾರಮಾಡಿದರೆ ಒಂದು ವೃತ್ತಿಯ ಕಥೆಯ ಜೊತೆಗೆ, ಶಾಸನವೆಂಬುದು ಎಷ್ಟನ್ನು ಮಾಡಬಲ್ಲುದು, ಎಷ್ಟನ್ನು ಮಾಡಲಾರದು ಎಂಬುದೂ ತಿಳಿಯುತ್ತದೆ.

ಮೊದಲು ವೃತ್ತಿಯ ಪೂರ್ವಚರಿತ್ರೆಯನ್ನು ನೋಡೋಣ. ಕೈರೋಪ್ರಾಕ್ಟಿಕ್ ಎಂಬುದು ಗ್ರೀಕ್ ಭಾಷೆಯ ಶಬ್ದಗಳಿಂದ ಕಟ್ಟಿದ ಹೆಸರು. ಕೈಯಿಂದ ಮಾಡಿದ ಕೆಲಸವೆಂದು ಅದರ ಅರ್ಥ. ಗ್ರೀಕರು ಹಸ್ತವನ್ನು ‘ಖೈರ್’ ಎನ್ನುತ್ತಿದ್ದರು. ಆ ಶಬ್ದಕ್ಕೂ ನಮ್ಮ ‘ಕೈ’ಗೂ ನಂಟಿದೆಯೆಂದು ಭಾವಿಸಬೇಕಾದುದಿಲ್ಲ, ಆದರೂ ಕನ್ನಡಿಗರಿಗೆ ಹೆಸರನ್ನು ನೆನಪಿನಲ್ಲಿಡಲು ಇದೊಂದು ಅನುಕೂಲ. ಈ ಪದ್ಧತಿಯ ಮೂಲಪುರುಷರು ಡೇನಿಯಲ್ ಡೇವಿಡ್ ಪಾಲ್ಮರ್ ಎಂಬವರು. ಇವರು ೧೮೪೫ರಲ್ಲಿ ಕೆನಡಾದಲ್ಲಿ ಹುಟ್ಟಿ, ಅಮೆರಿಕಾಕ್ಕೆ ಬಂದು, ಮಿಸಿಸಿಪಿ ನದಿಯ ದಡದಲ್ಲಿರುವ ಡಾವೆನ್‌ಪೋರ್ಟ್ ನಗರದಲ್ಲಿ ರೋಗಿಗಳ ಮೈಮೇಲೆ ಕೈಯಾಡಿಸಿ ಕಾಂತಶಕ್ತಿಯಿಂದ ಗುಣಪಡಿಸುವೆನೆಂದು ಹೇಳಿಕೊಂಡು ಚಿಕಿತ್ಸೆ ನಡೆಸುತ್ತಿದ್ದರು. ೧೮೯೫ನೆಯ ಸೆಪ್ಟೆಂಬರ್ ೧೮ರಂದು, ತಮ್ಮ ಕೊಠಡಿಯಿದ್ದ ಕಟ್ಟಡವನ್ನು ಗುಡಿಸಿ ಸಾರಿಸುತ್ತಿದ್ದ ಹಾರ್ವೆ ಲಿಲರ್ಡ್ ಎಂಬ ಕಿವುಡನ ಬೆನ್ನೆಲುಬಿನಲ್ಲಿ ಒಂದು ಗೆಣ್ಣು ಸ್ಥಾನ ತಪ್ಪಿರುವುದನ್ನು ಕಂಡು ಅದನ್ನು ಒತ್ತಿ ಕೂರಿಸಿದರೆಂದೂ, ಅವನಿಗೆ ಶ್ರವಣಶಕ್ತಿ ಮರಳಿತೆಂದೂ ಪಾಲ್ಮರರು ಹೇಳಿದರು. ಅಲ್ಲಿಂದ ಮುಂದೆ, ಮನುಷ್ಯನ ರೋಗಗಳಲ್ಲಿ ಹೆಚ್ಚಿನವು ಬೆನ್ನೆಲುಬಿನ ಗೆಣ್ಣುಗಳು ಸರಿದು ನರಗಳನ್ನು ಬಾಧಿಸುವುದರಿಂದಲೇ ಹುಟ್ಟುತ್ತವೆಂಬ ಸಿದ್ಧಾಂತವನ್ನು ಸ್ಥಾಪಿಸಿದರು.

ಈ ಸಿದ್ಧಾಂತಕ್ಕೆ ಶಾರೀರಶಾಸ್ತ್ರದ ಆಧಾರ ದೊರೆಯಲಿಲ್ಲ. ಕಿವಿಯ ನರವು ಬೆನ್ನೆಲುಬಿನೊಳಗೆ ಹಾದುಹೋಗುವುದಿಲ್ಲವೆಂಬುದು ವೈದ್ಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಆದರೆ ಸಿದ್ಧಾಂತ ನಿಲ್ಲದಿದ್ದರೂ ಕೈಚಳಕ ನಿಂತಿತು. ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರ ಹತ್ತಿರಕ್ಕೆ ಜನ ಹೋಗುವಂತೆ, ಅಲ್ಲಿಯ ಜನರು ಬೆನ್ನು ಹಿಡಿದಾಗ ಕೈರೋಪ್ರಾಕ್ಟರರ ಹತ್ತಿರಕ್ಕೆ ಹೋದರು. ಮೇಜಿನ ಮೇಲೆ ಮಲಗಿಸಿ, ಗೊತ್ತಾದ ಸ್ಥಳದಲ್ಲಿ ಕ್ಷಣಮಾತ್ರ ಬಲವಾಗಿ ಒತ್ತುವುದು, ನೆಟಿಗೆ ಮುರಿದಂತೆ ಸದ್ದಾಗುವುದು, ರೋಗಿಯು ಹಗುರವಾಯಿತೆಂದು ಏಳುವುದು, ಇದು ಅಲ್ಲಿಯ ಸಾಮಾನ್ಯ ದೃಶ್ಯವಾಯಿತು.

ವೈದ್ಯಮಂಡಲಿಯವರು ಇದನ್ನು ಸಹಿಸಲಿಲ್ಲ. ಪರವಾನಗಿಯಿಲ್ಲದೆ ವೈದ್ಯ ನಡೆಸಿದ ಅಪರಾಧಕ್ಕಾಗಿ ಪಾಲ್ಮರರೇ ೧೯೦೬ರಲ್ಲಿ ಸೆರೆಮನೆಯನ್ನು ಕಂಡರು. ಆದರೂ ೧೯೧೩ರಲ್ಲಿ ಕ್ಯಾನ್ಸಾಸ್ ಸಂಸ್ಥಾನವು ಈ ವೃತ್ತಿಗೆ ಪರವಾನಗಿ ಕೊಡುವ ಕಾಯಿದೆಯನ್ನು ಮೊಟ್ಟಮೊದಲು ಮಾಡಿತು. ಕಟ್ಟಕಡೆಗೆ ಒಪ್ಪಿದ ಸಂಸ್ಥಾನ ಲೂಯಿಸಿಯಾನಾ, ಅದು ೧೯೭೪ರಲ್ಲಿ. ಮೊದಲನೆಯ ಬಾಗಿಲಿಗೂ ಕೊನೆಯ ಬಾಗಿಲಿಗೂ ನಡುವೆ ಅರವತ್ತೊಂದು ವರ್ಷಗಳು ಕಳೆದುಹೋದುವು. ಈ ನಡುವೆ ೧೯೬೩ರಲ್ಲಿ ಅಮೆರಿಕಾದ ವೈದ್ಯಸಂಘವು ನಕಲಿ ವೈದ್ಯದ ವಿರುದ್ಧ ಒಂದು ಸಮಿತಿಯನ್ನು ನಿಯಮಿಸಿ, ಈ ವೃತ್ತಿಯನ್ನೇ ಅಡಗಿಸಲು ಯತ್ನಿಸಿತು. ಚೆಸ್ಟರ್ ವಿಲ್ಕ್ ಮೊದಲಾದ ಕೈರೋಪ್ರಾಕ್ಟರರು ೧೯೭೬ರಲ್ಲಿ ನ್ಯಾಯಾಲಯಕ್ಕೆ ಹೋದರು. ಹನ್ನೊಂದು ವರ್ಷಗಳ ವ್ಯಾಜ್ಯದ ಬಳಿಕ ೧೯೮೭ರಲ್ಲಿ ನ್ಯಾಯಾಧೀಶರಾದ ಸೂಸಾನ್ ಗೆಟ್ಜೆಂಡಾನರ್ ಅವರು, ವೈದ್ಯಸಂಘವು ಒಳಸಂಚಿನಿಂದ ಒಂದು ವೃತ್ತಿಯ ಜೀವನೋಪಾಯಕ್ಕೆ ಅಡ್ಡಿಮಾಡಿದ್ದು ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತರು; ಮೇಲಿನ ನ್ಯಾಯಾಲಯವು ೧೯೯೦ರಲ್ಲಿ ಅದನ್ನು ಎತ್ತಿಹಿಡಿಯಿತು. ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ನ್ಯಾಯಾಲಯವು ವ್ಯಾಪಾರನ್ಯಾಯವನ್ನು ಹೇಳಿತೇ ಹೊರತು, ಈ ಚಿಕಿತ್ಸೆ ಶಾಸ್ತ್ರಸಮ್ಮತವೆಂದು ಹೇಳಲಿಲ್ಲ.

ಇನ್ನು ಸೈನ್ಯದ ಮಾತು. ಅಮೆರಿಕಾದ ಸೈನ್ಯದಲ್ಲಿ ವೈದ್ಯನಿಗೆ ಸನ್ನದೆಂಬುದು ಸಂಬಳದ ಚೀಟಿಯಷ್ಟೇ ಅಲ್ಲ. ಸನ್ನದನ್ನು ಪಡೆದವನು ದೇಶದ ಅಧ್ಯಕ್ಷನ ಹೆಸರಿನಲ್ಲಿ ಅಧಿಕಾರ ನಡೆಸುತ್ತಾನೆ. ಅವನಿಗೆ ದರ್ಜೆಯುಂಟು, ಬಡತಿಯುಂಟು, ನಿವೃತ್ತಿವೇತನವುಂಟು. ಅಪ್ಪಣೆಯಾದಾಗ ಹಡಗಿಗೂ ರಣಭೂಮಿಗೂ ಹೋಗಬೇಕಾದ ಕಟ್ಟುಪಾಡೂ ಉಂಟು. ಕೈರೋಪ್ರಾಕ್ಟರರಿಗೆ ಈ ಗೌರವವೂ ಇರಲಿಲ್ಲ, ಈ ಹೊಣೆಯೂ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರಲ್ಲಿ ಅನೇಕರು ಸಾಮಾನ್ಯ ಸಿಪಾಯಿಗಳಾಗಿ ದುಡಿದರು. ವಿಚಿತ್ರವೇನೆಂದರೆ, ೧೯೪೪ರಲ್ಲಿ ಸರ್ಕಾರದವರು ಯುದ್ಧದಿಂದ ಮರಳಿದವರ ವಿದ್ಯಾಭ್ಯಾಸಕ್ಕೆ ಹಣವೊದಗಿಸುವ ಕಾಯಿದೆ ಮಾಡಿದಾಗ, ಆ ಹಣದಿಂದ ಬಹುಮಂದಿ ಮಾಜಿ ಸಿಪಾಯಿಗಳು ಕೈರೋಪ್ರಾಕ್ಟಿಕ್ ಪಾಠಶಾಲೆಗಳನ್ನೇ ಸೇರಿದರು. ದಂಡನ್ನು ಬಿಟ್ಟವನು ಕಲಿಯುವುದಕ್ಕೆ ಸರ್ಕಾರ ದುಡ್ಡು ಕೊಟ್ಟಿತು. ಕಲಿತವನು ದಂಡಿನಲ್ಲಿ ಆ ವಿದ್ಯೆಯನ್ನು ನಡೆಸುವುದಕ್ಕೆ ಎಡೆ ಕೊಡಲಿಲ್ಲ.

ಆದರೆ ಈ ಬಗೆಯ ಕಾಯುವಿಕೆ ಇವರೊಬ್ಬರ ಪಾಲಿಗೆ ಬಂದುದಲ್ಲ. ದಾದಿಯರ ಸಂಗತಿಯನ್ನು ನೋಡಿರಿ. ಅಮೆರಿಕಾದ ಭೂಸೈನ್ಯದಲ್ಲಿ ದಾದಿಯರ ದಳ ೧೯೦೧ರಲ್ಲಿ ಸ್ಥಾಪಿತವಾಯಿತು. ೧೯೨೦ರಲ್ಲಿ ಅವರಿಗೆ ಅಧಿಕಾರಿಯ ದರ್ಜೆ ದೊರೆಯಿತು. ಆದರೆ ಅದು ಹೆಸರಿನ ದರ್ಜೆ, ಗಂಡಸರ ಸಂಬಳವಾಗಲಿ ಪೂರ್ಣಾಧಿಕಾರವಾಗಲಿ ಅದರೊಡನೆ ಬರಲಿಲ್ಲ. ಎರಡು ಮಹಾಯುದ್ಧಗಳ ಗಾಯಾಳುಗಳನ್ನು ಶುಶ್ರೂಷೆ ಮಾಡಿದ ಮೇಲೆ, ೧೯೪೭ರಲ್ಲಿ, ಅವರಿಗೆ ಶಾಶ್ವತ ಸನ್ನದು ಬಂದಿತು. ವೈದ್ಯವಿದ್ಯೆಯಲ್ಲಿ ಪದವಿ ಪಡೆದ ಸ್ತ್ರೀಯರಿಗೂ ಸೈನ್ಯದ ಸನ್ನದಿಗೆ ದಾರಿಮಾಡಿದ ಕಾಯಿದೆ ಆದುದು ೧೯೪೩ರಲ್ಲಿ, ಯುದ್ಧದ ನಡುವೆ.

ಇದಕ್ಕಿಂತಲೂ ಸಮೀಪದ ಉದಾಹರಣೆ ಆಸ್ಟಿಯೋಪಾತ್ ವೈದ್ಯರದು. ಆಂಡ್ರೂ ಟೇಲರ್ ಸ್ಟಿಲ್ ಎಂಬವರು ೧೮೯೨ರಲ್ಲಿ ಮಿಸ್ಸೂರಿ ಸಂಸ್ಥಾನದ ಕರ್ಕ್ಸ್‌ವಿಲ್ ಊರಿನಲ್ಲಿ ಇದರ ಮೊದಲ ಪಾಠಶಾಲೆಯನ್ನು ತೆರೆದರು. ಇದೂ ಎಲುಬುಗಳನ್ನು ಕೈಯಿಂದ ಸರಿಪಡಿಸುವುದರಿಂದ ಆರಂಭವಾದ ಪದ್ಧತಿಯೇ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವು ಇವರಿಗೆ ವೈದ್ಯಾಧಿಕಾರಿಯ ಸನ್ನದು ಕೊಡಲಿಲ್ಲ. ಇತರ ವೈದ್ಯರು ದಂಡಿಗೆ ಹೋದುದರಿಂದ ಊರಿನ ರೋಗಿಗಳು ಇವರ ಬಾಗಿಲಿಗೆ ಬಂದರು; ಇವರ ವೃತ್ತಿ ಬೆಳೆಯಿತು. ೧೯೫೬ರಲ್ಲಿ ಇವರನ್ನು ಸೈನ್ಯದ ವೈದ್ಯಾಧಿಕಾರಿಗಳನ್ನಾಗಿ ನೇಮಿಸಲು ಅವಕಾಶವೀಯುವ ಕಾಯಿದೆಯಾಯಿತು. ಆದರೂ ಮೊದಲನೆಯ ನೇಮಕಕ್ಕೆ ಹತ್ತು ವರ್ಷ ಬೇಕಾಯಿತು. ವಿಯೆಟ್ನಾಮಿನ ಯುದ್ಧವು ಉಲ್ಬಣಿಸಿ ವೈದ್ಯರು ಸಾಲದಾದಾಗ, ೧೯೬೬ರಲ್ಲಿ, ರಕ್ಷಣಾಮಂತ್ರಿ ಮ್ಯಾಕ್ನಮಾರಾ ಅವರ ಅಪ್ಪಣೆಯಿಂದ ಬಾಗಿಲು ತೆರೆಯಿತು. ಮುಂದೆ ಮೂವತ್ತು ವರ್ಷಗಳಲ್ಲಿ, ಎಂದರೆ ೧೯೯೬ರಲ್ಲಿ, ರೊನಾಲ್ಡ್ ಬ್ಲಾಂಕ್ ಎಂಬ ಆಸ್ಟಿಯೋಪಾತ್ ವೈದ್ಯರೇ ಅಮೆರಿಕಾದ ಭೂಸೈನ್ಯದ ವೈದ್ಯಶಾಖೆಯ ಮುಖ್ಯಾಧಿಕಾರಿಗಳಾದರು.

ಕೈರೋಪ್ರಾಕ್ಟರರು ಈ ಉದಾಹರಣೆಯನ್ನು ಮೇಲಿಂದಮೇಲೆ ಎತ್ತಿ ಹೇಳುವುದು ಸಹಜ. ಆದರೆ ಇಲ್ಲಿ ಒಂದು ಭೇದವಿದೆ. ಆಸ್ಟಿಯೋಪಾತರು ಕಾಲಕ್ರಮದಲ್ಲಿ ಔಷಧಿಯನ್ನೂ ಶಸ್ತ್ರವಿದ್ಯೆಯನ್ನೂ ತಮ್ಮ ಪಾಠಕ್ರಮದಲ್ಲಿ ಸೇರಿಸಿಕೊಂಡು ಪೂರ್ಣವೈದ್ಯರಾದರು. ಕೈರೋಪ್ರಾಕ್ಟರರು ನಾಲ್ಕು ವರ್ಷಗಳ ವೃತ್ತಿಶಿಕ್ಷಣ ಪಡೆದವರಾದರೂ ಸಾಮಾನ್ಯವಾಗಿ ಔಷಧಿ ಬರೆಯುವುದಿಲ್ಲ, ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಕೈಯೇ ಅವರ ಔಷಧಿ. ಆದಕಾರಣ, ವೈದ್ಯರು ಸಾಲದಾದಾಗ ಆಸ್ಟಿಯೋಪಾತನು ವೈದ್ಯನ ಸ್ಥಾನದಲ್ಲಿ ನಿಲ್ಲಬಲ್ಲವನಾದನು; ಕೈರೋಪ್ರಾಕ್ಟರನು ನಿಲ್ಲಲಾರನು.

ಹೀಗಿರಲು, ೧೯೯೨ನೆಯ ಅಕ್ಟೋಬರ್ ೨೩ರಂದು ಅಧ್ಯಕ್ಷ ಜಾರ್ಜ್ ಬುಷ್ ಅವರು ಮುಂದಿನ ವರ್ಷದ ರಕ್ಷಣಾ ವೆಚ್ಚದ ಕಾಯಿದೆಗೆ ರುಜು ಮಾಡಿದರು. ನೂರಾರು ಪುಟಗಳ ಆ ಕಾಯಿದೆಯ ೫೦೫ನೆಯ ಕಲಮಿನಲ್ಲಿ ಕೈರೋಪ್ರಾಕ್ಟರರ ಮಾತು ಬಂದಿತು. ನೌಕಾಬಲಕ್ಕೆ ಸಂಬಂಧಪಟ್ಟ ವಾಕ್ಯದ ಅಭಿಪ್ರಾಯವಿಷ್ಟು: ನೌಕಾಮಂತ್ರಿಯು ಗೊತ್ತುಪಡಿಸಿದ ನಿಯಮಗಳಂತೆ ಅರ್ಹರಾದ ಕೈರೋಪ್ರಾಕ್ಟರರನ್ನು ವೈದ್ಯಸೇವಾ ದಳದಲ್ಲಿ ಸನ್ನದು ಪಡೆದ ಅಧಿಕಾರಿಗಳನ್ನಾಗಿ ನೇಮಿಸಬಹುದು. ವಿಮಾನದಳದ ಮಾತು ಬೇರೆ ಬಗೆಯಾಗಿದೆ. ಅಲ್ಲಿ ಈ ಕೆಲಸವನ್ನು ಅರ್ಹತೆಯುಳ್ಳ ಅಧಿಕಾರಿಗಳೇ ಮಾಡಬೇಕೆಂದಿದೆ. ಆದರೆ ಇಷ್ಟು ಮಂದಿಯನ್ನು ಇಷ್ಟು ಅವಧಿಯೊಳಗೆ ನೇಮಿಸಿಯೇ ತೀರಬೇಕೆಂಬ ವಿಧಿಯನ್ನು ಮಾತ್ರ ಎಲ್ಲಿಯೂ ಹಾಕಲಿಲ್ಲ.

ಕಾಯಿದೆಯ ಭಾಷೆಯಲ್ಲಿ ‘ನೇಮಿಸಬಹುದು’ ಎಂಬುದು ಒಂದು, ‘ನೇಮಿಸತಕ್ಕದ್ದು’ ಎಂಬುದು ಇನ್ನೊಂದು. ಹಳೆಯ ಕರಾರುಪತ್ರಗಳನ್ನು ಓದಿದವರೆಲ್ಲರೂ ಇದರ ವ್ಯತ್ಯಾಸವನ್ನು ಬಲ್ಲರು. ಬಾಡಿಗೆದಾರನು ಮನೆಗೆ ಸುಣ್ಣ ಹೊಡೆಸಬಹುದು ಎಂದು ಬರೆದರೆ ಗೋಡೆ ಹಾಗೆಯೇ ಉಳಿದೀತು. ಹೊಡೆಸತಕ್ಕದ್ದು ಎಂದರೆ ಮಾತ್ರ ಕೇಳುವ ಹಕ್ಕು ಹುಟ್ಟುತ್ತದೆ. ೧೯೯೨ರ ಕಾಯಿದೆ ಕದದ ಅಗುಳಿಯನ್ನು ತೆಗೆಯಿತು. ಒಳಕ್ಕೆ ಬನ್ನಿರೆಂದು ಕರೆಯುವ ಕೆಲಸವನ್ನು ಸೇನಾಧಿಕಾರಿಗಳ ಇಷ್ಟಕ್ಕೆ ಬಿಟ್ಟಿತು. ಅವರು ಕರೆಯಲಿಲ್ಲ.

ಶಾಸನಸಭೆಯು ಮುಂದಿನ ಹೆಜ್ಜೆಯಲ್ಲಿ ಈ ಪಾಠವನ್ನು ಕಲಿತಂತೆ ಕಾಣುತ್ತದೆ. ೧೯೯೪ರಲ್ಲಿ ಮಾಡಿದ ಕಾಯಿದೆಯಲ್ಲಿ ಸನ್ನದಿನ ಮಾತನ್ನು ಬದಿಗಿಟ್ಟು, ಕಡಮೆಯೆಂದರೆ ಹತ್ತು ಸೈನಿಕ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯನ್ನು ಪರೀಕ್ಷಾರ್ಥವಾಗಿ ನಡೆಸಬೇಕೆಂದು ವಿಧಿಸಿತು. ವಿಧಿಸಿದ್ದು ನಡೆಯಿತು. ೧೯೯೫ರಲ್ಲಿ ಕೆಲಸ ಆರಂಭವಾಗಿ ಕೆಲವು ವರ್ಷ ಸಾಗಿತು. ಸಿಪಾಯಿಗಳು ಚಿಕಿತ್ಸೆಯಿಂದ ತೃಪ್ತರಾದರು; ವೆಚ್ಚದ ಲೆಕ್ಕದಲ್ಲಿ ಮಾತ್ರ ರಕ್ಷಣಾ ಇಲಾಖೆಗೂ ವೃತ್ತಿಯವರಿಗೂ ಒಮ್ಮತವಾಗಲಿಲ್ಲ. ೨೦೦೦ದ ಅಕ್ಟೋಬರಿನಲ್ಲಿ ಆದ ಕಾಯಿದೆಯು, ಐದು ವರ್ಷಗಳಲ್ಲಿ ಹಂತಹಂತವಾಗಿ, ಸೇವೆಯಲ್ಲಿರುವ ಸೈನಿಕರಿಗೆಲ್ಲ ಈ ಚಿಕಿತ್ಸೆಯನ್ನು ಒದಗಿಸಬೇಕೆಂದು ಆಜ್ಞೆಮಾಡಿತು. ೨೦೦೨ರ ಜನವರಿಯಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳಿಗೂ ಇಂಥದೇ ಆಜ್ಞೆಯಾಗಿ, ೨೦೦೪ರಿಂದ ಅಲ್ಲಿಯೂ ಕೈರೋಪ್ರಾಕ್ಟರರು ಕೆಲಸಕ್ಕೆ ಸೇರಿದರು.

ಹೀಗೆ ವಿದ್ಯೆ ಒಳಗೆ ಬಂದಿತು. ವಿದ್ಯಾವಂತನು ಹೊಸಲಿನಲ್ಲಿ ನಿಂತನು. ಸೈನಿಕ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಮಾಡುವವರು ಗುತ್ತಿಗೆಯವರು ಇಲ್ಲವೆ ನಾಗರಿಕ ನೌಕರರು. ಅವರಿಗೆ ಸಮವಸ್ತ್ರವಿಲ್ಲ. ಇದರಿಂದ ನಷ್ಟ ಯಾರಿಗೆಂದು ಕೇಳಿದರೆ, ವೃತ್ತಿಯವರು ಕೊಡುವ ಉತ್ತರ ಹೀಗೆ: ದೊಡ್ಡ ಪಾಳೆಯದ ಆಸ್ಪತ್ರೆಯಲ್ಲಿರುವ ಸಿಪಾಯಿಗೆ ನಷ್ಟವಿಲ್ಲ, ಸಮುದ್ರದ ನಡುವಿನ ಹಡಗಿನಲ್ಲಿರುವವನಿಗೆ, ದೂರದ ಠಾಣ್ಯದಲ್ಲಿರುವವನಿಗೆ ನಷ್ಟ. ಹೊರೆ ಹೊರುವುದು ಅಲ್ಲಿ, ಬೆನ್ನು ಹಿಡಿಯುವುದು ಅಲ್ಲಿ. ಗುತ್ತಿಗೆಯವನು ಇರುವುದು ಇಲ್ಲಿ. ನೋವು ತಡೆಯಲಾರದೆ ಅಫೀಮಿನ ಜಾತಿಯ ಮಾತ್ರೆಗಳಿಗೆ ದಾಸನಾಗುವುದಕ್ಕಿಂತ, ಕೈಚಿಕಿತ್ಸೆ ಬಲ್ಲ ಅಧಿಕಾರಿಯೊಬ್ಬನು ಜೊತೆಯಲ್ಲಿರುವುದು ಮೇಲಲ್ಲವೇ?

ವಿರೋಧಪಕ್ಷದವರ ವಾದವನ್ನೂ ತಳ್ಳಿಹಾಕುವಂತಿಲ್ಲ. ರಣಭೂಮಿಯಲ್ಲಿ ಸ್ಥಳ ಸ್ವಲ್ಪ, ಜನ ಮಿತ. ಅಲ್ಲಿಗೆ ಕಳುಹಿಸುವ ಪ್ರತಿಯೊಬ್ಬನೂ ರಕ್ತ ನಿಲ್ಲಿಸಲು, ಮೂರ್ಛೆ ತಿಳಿಸಲು, ಔಷಧಿ ಕೊಡಲು ಬಲ್ಲವನಾಗಿರಬೇಕು. ಅಂಗಮರ್ದನ ವ್ಯಾಯಾಮಗಳಿಂದ ಚಿಕಿತ್ಸೆ ಮಾಡುವ ಫಿಸಿಯೋಥೆರಪಿಯವರಿಗೆ ೧೯೪೭ರಿಂದಲೇ ಸೈನ್ಯದಲ್ಲಿ ಸನ್ನದುಂಟು. ಬೆನ್ನನ್ನು ಒತ್ತಿ ಸರಿಪಡಿಸುವುದನ್ನು ಅವರೂ ಬಲ್ಲರು, ಆಸ್ಟಿಯೋಪಾತರೂ ಬಲ್ಲರು. ಇರುವವರಿಂದ ಆಗುವ ಕೆಲಸಕ್ಕೆ ಹೊಸ ದರ್ಜೆಯೇಕೆ? ಮೇಲಾಗಿ, ಪಾಲ್ಮರರ ಹಳೆಯ ಸಿದ್ಧಾಂತವನ್ನು ಇಂದಿಗೂ ನಂಬಿರುವ ಕೆಲವರು ಆ ವೃತ್ತಿಯಲ್ಲಿದ್ದಾರೆಂಬ ಅಂಜಿಕೆಯೂ ವೈದ್ಯರಲ್ಲಿದೆ.

ಉಭಯವಾದಗಳ ನಡುವೆ ಪರೀಕ್ಷೆಯೊಂದೇ ಮಧ್ಯಸ್ಥಗಾರ. ಅಂಥ ಪರೀಕ್ಷೆಯೊಂದು ಸೈನ್ಯದಲ್ಲಿಯೇ ನಡೆಯಿತು. ೨೦೧೨ರಿಂದ ೨೦೧೬ರ ವರೆಗೆ ಮೂರು ಸೈನಿಕ ಆಸ್ಪತ್ರೆಗಳಲ್ಲಿ, ಸೊಂಟನೋವಿನಿಂದ ನರಳುತ್ತಿದ್ದ ೭೫೦ ಮಂದಿ ಸೈನಿಕರನ್ನು ಆರಿಸಿ, ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಎಂದಿನ ವೈದ್ಯೋಪಚಾರ. ಇನ್ನೊಂದಕ್ಕೆ ಅದರ ಜೊತೆಗೆ ಕೈರೋಪ್ರಾಕ್ಟಿಕ್. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ವಾರಗಳ ಕೊನೆಯಲ್ಲಿ ಎರಡನೆಯ ಪಂಗಡದವರ ನೋವು ಹತ್ತರ ಅಳತೆಯಲ್ಲಿ ಸುಮಾರು ಒಂದಂಶ ಹೆಚ್ಚಾಗಿ ಇಳಿದಿತ್ತು; ಓಡಾಟವೂ ಸುಲಭವಾಗಿತ್ತು. ಚಿಕಿತ್ಸೆಯಿಂದ ಘೋರವಾದ ಅಪಾಯ ಯಾರಿಗೂ ಆಗಲಿಲ್ಲ. ಇದು ಪವಾಡವಲ್ಲ, ಅಲ್ಪವೂ ಅಲ್ಲ. ಮಧ್ಯಮ ಪ್ರಮಾಣದ ಉಪಕಾರ. ತಮಗೆ ಯಾವ ಚಿಕಿತ್ಸೆ ನಡೆಯುತ್ತಿದೆಯೆಂಬುದು ರೋಗಿಗಳಿಗೆ ತಿಳಿದಿದ್ದಿತಾದುದರಿಂದ ನಂಬಿಕೆಯ ಪಾಲೂ ಇದರಲ್ಲಿ ಇದ್ದೀತು.

ಗೃಹಸ್ಥರಾದ ನಮಗೂ ಇದರಲ್ಲಿ ಅರಿಯತಕ್ಕ ಅಂಶವಿದೆ. ಅಮೆರಿಕಾದ ವೈದ್ಯರ ಮಹಾಮಂಡಲವೊಂದು ೨೦೧೭ರಲ್ಲಿ ಕೊಟ್ಟ ಸೂಚನೆಯಂತೆ, ಸಾಧಾರಣ ಸೊಂಟನೋವಿಗೆ ಮಾತ್ರೆಗೆ ಮೊದಲು ಶಾಖ, ಮರ್ದನ, ವ್ಯಾಯಾಮ, ಬೆನ್ನೆಲುಬಿನ ಕೈಚಿಕಿತ್ಸೆ ಮುಂತಾದುವನ್ನು ಪ್ರಯೋಗಿಸಬಹುದು. ಆದರೆ ಸೊಂಟ ಬೇರೆ, ಕತ್ತು ಬೇರೆ. ಕತ್ತನ್ನು ಥಟ್ಟನೆ ತಿರುಗಿಸುವುದರೊಡನೆ ಮಿದುಳಿಗೆ ರಕ್ತವೊಯ್ಯುವ ನಾಳ ಸೀಳಿ ಪಾರ್ಶ್ವವಾಯು ಸಂಭವಿಸಿದ ನಿದರ್ಶನಗಳು, ವಿರಳವಾದರೂ, ಉಂಟು. ಬೆನ್ನುನೋವಿನ ಜೊತೆಗೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಯಾರ ಕೈಗೂ ಬೆನ್ನನ್ನು ಒಪ್ಪಿಸದೆ ಕೂಡಲೆ ವೈದ್ಯರನ್ನು ಕಾಣಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ೨೦೧೮ರ ಫಲಿತಾಂಶವು ಚಿಕಿತ್ಸೆಗೆ ಸಾಕ್ಷಿ ನುಡಿಯಿತು, ಸನ್ನದಿಗೆ ನುಡಿಯಲಿಲ್ಲ. ಕೈರೋಪ್ರಾಕ್ಟರನಿಗೆ ದರ್ಜೆ ಕೊಡುವುದರಿಂದ ಸೈನ್ಯಕ್ಕೆ ಲಾಭವೋ ನಷ್ಟವೋ ಎಂಬುದನ್ನು ತೂಗಿ ನೋಡಬೇಕಾದರೆ, ಕೆಲವರನ್ನಾದರೂ ನೇಮಿಸಿ, ಹಡಗಿಗೂ ಠಾಣ್ಯಕ್ಕೂ ಕಳುಹಿಸಿ ನೋಡಬೇಕು. ಚಿಕಿತ್ಸೆಯ ವಿಷಯದಲ್ಲಿ ೧೯೯೪ರ ಶಾಸನವು ಇಂಥ ಪರೀಕ್ಷೆಯನ್ನು ವಿಧಿಸಿತು, ಅದರಿಂದ ಒಂದು ನಿರ್ಣಯಕ್ಕೆ ದಾರಿಯಾಯಿತು. ಸನ್ನದಿನ ವಿಷಯದಲ್ಲಿ ೧೯೯೨ರ ಶಾಸನವು ಅನುಮತಿಯನ್ನಷ್ಟೇ ಕೊಟ್ಟಿತು, ಆದುದರಿಂದ ಮೂವತ್ತು ವರ್ಷಗಳ ಬಳಿಕವೂ ವಾದ ವಾದವಾಗಿಯೇ ಉಳಿದಿದೆ. ಬೇಡವೆಂದು ನಿರ್ಧರಿಸಿದ್ದರೆ ಅದೂ ಒಂದು ನ್ಯಾಯವೇ. ನಿರ್ಧರಿಸದೆ ಬಿಟ್ಟುದರ ಭಾರ ಮಾತ್ರ ವೈದ್ಯರ ಮೇಲಾಗಲಿ ಸಭಾಸದರ ಮೇಲಾಗಲಿ ಬೀಳುವುದಿಲ್ಲ.

ದಾದಿಯರೂ ಆಸ್ಟಿಯೋಪಾತರೂ ಕಾದು ಪಡೆದರು; ಅವರ ಕೆಲಸ ಬೇಕೇಬೇಕೆಂಬ ಕಾಲ ಬಂದುದರಿಂದ ಪಡೆದರು. ಬೆನ್ನುನೋವಿಗೆ ಅಂಥ ಕಾಲ ಬರುವುದು ಕಷ್ಟ. ಅದು ಕೊಲ್ಲುವುದಿಲ್ಲ, ರಕ್ತ ಹರಿಸುವುದಿಲ್ಲ, ವರ್ತಮಾನಪತ್ರಿಕೆಗಳಲ್ಲಿ ಬರುವುದಿಲ್ಲ. ಇಂದು ರಾತ್ರಿಯೂ ದೂರದ ಯಾವುದೋ ಠಾಣ್ಯದಲ್ಲಿ ಸಿಪಾಯಿಯೊಬ್ಬನು ಹೊರೆಯಿಳಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಮಾತ್ರೆಯೊಂದನ್ನು ನುಂಗಿ ಮಲಗುತ್ತಾನೆ. ಅವನ ಬಳಿಗೆ ಯಾರು ಹೋಗಬೇಕು, ಯಾವ ದರ್ಜೆಯಿಂದ ಹೋಗಬೇಕು ಎಂಬುದನ್ನು ವಿಚಾರಮಾಡಿ ಒಂದು ಕಡೆಗೆ ಗೊತ್ತುಪಡಿಸುವುದು ಅವನನ್ನು ಅಲ್ಲಿಗೆ ಕಳುಹಿಸಿದವರ ಕರ್ತವ್ಯ.